ಕಲ್ಲು ಸೋಲುವುದು ಎಳೆತಕ್ಕೆ

ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಹಿರೇಬೆಣಕಲ್ಲಿನ ಗುಡ್ಡ ಹತ್ತಿದರೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಮನೆಗಳು ಎದುರಾಗುತ್ತವೆ. ನಿಲ್ಲಿಸಿದ ಚಪ್ಪಡಿಗಳೇ ಗೋಡೆ, ಮೇಲೆ ಹೊದಿಸಿದ ಹಾಸುಗಲ್ಲೇ ಮಾಡು. ಕೆಲವು ಗಟ್ಟಿಯಾಗಿ ನಿಂತಿವೆ, ಕೆಲವು ಕುಸಿದಿವೆ. ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಮಂಟಪಕ್ಕೆ ಹೋದರೆ ಕಂಬದ ಪಕ್ಕದಲ್ಲೇ ಕಂಬ. ಅಷ್ಟು ಕಂಬ ಯಾಕೆ? ಚೆಲುವಿಗೆ ಹೌದು, ಆದರೆ ಚೆಲುವಿಗಷ್ಟೇ ಅಲ್ಲ. ಎರಡು ಆಸರೆಯ ನಡುವೆ ಮಲಗಿಸಿದ ಕಲ್ಲಿನ ತೊಲೆ ತನ್ನ ಭಾರಕ್ಕೇ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ. ಒತ್ತಿದರೆ ಕಲ್ಲು ಹೆದರುವುದಿಲ್ಲ, ಎಳೆದರೆ ಹೆದರುತ್ತದೆ. ಕಂಬದ ತಲೆಗೆ ಬೋದಿಗೆ ಇಟ್ಟು ತೊಲೆಯ ಹರವನ್ನು ಮೊಳದಷ್ಟಾದರೂ ಕಡಿಮೆ ಮಾಡಿದ ಶಿಲ್ಪಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಂದು ನಾವು ಕಲ್ಲು, ಕಾಂಕ್ರೀಟು ಎಷ್ಟು ಗಟ್ಟಿ ಎಂದು ಕೇಳುವಾಗ ಒತ್ತಿ ನೋಡಿದ ಲೆಕ್ಕಕ್ಕೇ ತೃಪ್ತರಾಗುತ್ತೇವೆ. ಎಳೆತದ ಲೆಕ್ಕವನ್ನೂ ಕೇಳಬೇಕು ಎಂಬುದು ನನ್ನ ವಾದ.

ಗ್ರಾನೈಟು ಒತ್ತಡಕ್ಕೆ ತೋರುವ ಬಲದ ಹತ್ತನೇ ಒಂದು ಪಾಲನ್ನಷ್ಟೇ, ಕೆಲವೊಮ್ಮೆ ಅದಕ್ಕೂ ಕಡಿಮೆ, ಎಳೆತಕ್ಕೆ ತೋರುತ್ತದೆ. ಕಾಂಕ್ರೀಟಿನದೂ ಹೆಚ್ಚುಕಡಿಮೆ ಇದೇ ಪಾಡು. ಕಾರಣ ಅವುಗಳ ಒಡಲಲ್ಲೇ ಇದೆ. ಹರಳು ಹರಳಿನ ನಡುವೆ, ಖಡಿ ಮತ್ತು ಸಿಮೆಂಟಿನ ನಡುವೆ ಕೂದಲಿಗಿಂತ ತೆಳುವಾದ ಬಿರುಕುಗಳು ಮೊದಲಿನಿಂದಲೇ ಇರುತ್ತವೆ. ಒತ್ತಿದರೆ ಅವುಗಳ ಬಾಯಿ ಮುಚ್ಚುತ್ತದೆ, ಎಳೆದರೆ ತೆರೆಯುತ್ತದೆ. ಬಲವೆಲ್ಲ ಬಿರುಕಿನ ತುದಿಗೆ ಬಂದು ಸೇರುತ್ತದೆ. ಬ್ರಿಟನ್ನಿನ ಗ್ರಿಫಿತ್ ಗಾಜನ್ನು ಪರೀಕ್ಷಿಸಿ 1921ರಲ್ಲಿ ಇದನ್ನು ಗಣಿತದಲ್ಲಿ ಬರೆದ. ಆನೆಗೊಂದಿಯ ಬಂಡೆಗಳ ಮೇಲೆ ಸಾಲಾಗಿ ಕಾಣುವ ಗುಳಿಗಳು ಅದೇ ಮಾತನ್ನು ಶತಮಾನಗಳ ಹಿಂದೆಯೇ ಹೇಳಿವೆ. ಒಂದೇ ಗೆರೆಯಲ್ಲಿ ಗುಳಿ ತೋಡಿ, ಬೆಣೆ ಕೂರಿಸಿ, ಒಂದೊಂದಕ್ಕೂ ಸರದಿಯಂತೆ ಪೆಟ್ಟು ಕೊಟ್ಟರೆ ಬೆಣೆ ಎರಡೂ ಪಕ್ಕಕ್ಕೆ ತಳ್ಳುತ್ತದೆ, ಬಂಡೆ ಗೆರೆಯುದ್ದಕ್ಕೂ ಸೀಳುತ್ತದೆ. ಕಲ್ಲುಕುಟಿಗ ಬಂಡೆಯನ್ನು ಜಜ್ಜುವುದಿಲ್ಲ, ಎಳೆದು ಬಿಡಿಸುತ್ತಾನೆ.

ಹಾಗಾದರೆ ಈ ಎಳೆತದ ಬಲವನ್ನು ಅಳೆಯುವುದು ಹೇಗೆ? ಕಬ್ಬಿಣದ ಸರಳನ್ನು ಎರಡು ತುದಿ ಹಿಡಿದು ಜಗ್ಗಿದಂತೆ ಕಲ್ಲನ್ನು ಸುಲಭವಾಗಿ ಜಗ್ಗಲಾಗದು. ಹಿಡಿತ ಬಿಗಿ ಮಾಡಿದರೆ ಹಿಡಿದ ಕಡೆಯೇ ಮುರಿಯುತ್ತದೆ, ಜಗ್ಗುವಾಗ ತುಸು ಓರೆಯಾದರೂ ಲೆಕ್ಕ ಕೆಡುತ್ತದೆ. ಇದಕ್ಕೆ ದಾರಿ ಸಿಕ್ಕಿದ್ದು ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ. ಹೊಸ ಹೆಬ್ಬೀದಿಗಾಗಿ ಒಂದು ಹಳೆಯ ಚರ್ಚನ್ನು ಉರುಳೆಗಳ ಮೇಲೆ ಸರಿಸುವ ಯೋಚನೆಯಿತ್ತು. ಯುದ್ಧಕಾಲವಾದ್ದರಿಂದ ಉಕ್ಕಿಗೆ ಬರ, ಕಾಂಕ್ರೀಟಿನ ಉರುಳೆ ಆದೀತೇ ಎಂದು ನೋಡುವ ಕೆಲಸ ಫರ್ನಾಂಡೊ ಕಾರ್ನೇರೊ ಎಂಬ ಎಂಜಿನಿಯರಿಗೆ ಬಂತು. ಕಣದ ರೋಣಗಲ್ಲಿನಂತೆ ಮಲಗಿದ ಉರುಳೆಯ ಬೆನ್ನ ಮೇಲೆ ಭಾರ ಹೇರಿದರೆ ಅದು ಪುಡಿಯಾಗಲಿಲ್ಲ, ನೆತ್ತಿಯಿಂದ ಬುಡಕ್ಕೆ ನೇರವಾಗಿ ಸೀಳಿತು. ಚರ್ಚು ಕೊನೆಗೂ ಉಳಿಯಲಿಲ್ಲ, ಪರೀಕ್ಷೆ ಉಳಿಯಿತು. ಇದು 1943ರ ಮಾತು. ಅದೇ ವರ್ಷ ಜಪಾನಿನ ಅಕಾಜಾವಾ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಉರುಳೆಯ ನಡುಮಧ್ಯದಲ್ಲಿ ಮೇಲಿನಿಂದ ಬೀಳುವ ಒತ್ತಡ ಅಡ್ಡ ಎಳೆತದ ಮೂರು ಪಟ್ಟು ಇರುತ್ತದೆ. ಆದರೆ ಕಲ್ಲಿಗೆ ಒತ್ತಡ ತಾಳುವ ಶಕ್ತಿ ಹತ್ತು ಪಟ್ಟು ಇರುವುದರಿಂದ ಮೊದಲು ಸೋಲುವುದು ಎಳೆತಕ್ಕೇ. ಪೆಡಸು ವಸ್ತುಗಳಿಗಷ್ಟೇ ಈ ಉಪಾಯ ನಡೆಯುತ್ತದೆ. ನಮ್ಮ ಭಾರತೀಯ ಮಾನಕವೂ (ಮೊದಲು 5816, 2021ರಿಂದ 516) ಕಾಂಕ್ರೀಟಿಗೆ ಇದೇ ಕ್ರಮ ಹೇಳುತ್ತದೆ. 150 ಮಿಲಿಮೀಟರ್ ಅಡ್ಡಳತೆ, 300 ಮಿಲಿಮೀಟರ್ ಉದ್ದದ ಉರುಳೆ ಸುಮಾರು 18 ಟನ್ ಭಾರಕ್ಕೆ ಸೀಳಿದರೆ ಅದರ ಎಳೆತ ಬಲ ಚದರ ಮಿಲಿಮೀಟರಿಗೆ 2.5 ನ್ಯೂಟನ್.

ಕಾಂಕ್ರೀಟಿನೊಳಗೆ ಸರಳು ಇದೆಯಲ್ಲ, ಎಳೆತವನ್ನು ಅದೇ ಹೊರುತ್ತದಲ್ಲ ಎಂದು ಕೇಳುವವರಿದ್ದಾರೆ. ಹೊರುತ್ತದೆ. ಆದರೆ ಸರಳು ಪೂರ್ತಿ ಹೆಗಲು ಕೊಡುವುದು ಕಾಂಕ್ರೀಟು ಬಿರುಕು ಬಿಟ್ಟ ಮೇಲೆ. ಅದೇ ಬಿರುಕಿನಲ್ಲಿ ನೀರಿಳಿದು ಸರಳಿಗೆ ತುಕ್ಕು ಹಿಡಿಯುತ್ತದೆ. ಊರೊಳಗಿನ ಸಿಸಿ ರಸ್ತೆಯಲ್ಲಂತೂ ಸಾಮಾನ್ಯವಾಗಿ ಸರಳೇ ಇರುವುದಿಲ್ಲ. ಕೊಪ್ಪಳದ ಬೇಸಿಗೆಯ ಮಧ್ಯಾಹ್ನ ಅದರ ಮೇಲ್ಮೈ ಕಾದು ಹಿಗ್ಗುತ್ತದೆ, ತಂಪಾದ ಕೆಳಮೈ ಎಳೆತಕ್ಕೆ ಸಿಗುತ್ತದೆ. ಆ ಹೊತ್ತಿಗೇ ಭತ್ತ ತುಂಬಿದ ಟ್ರ್ಯಾಕ್ಟರು ಹರಿದರೆ ತಡೆಯಬೇಕಾದದ್ದು ಕಾಂಕ್ರೀಟೇ. ಇನ್ನು ಕೆಲವರು ಸೂತ್ರ ಹಿಡಿಯುತ್ತಾರೆ: ಕಾಂಕ್ರೀಟಿನ ಕ್ಯೂಬನ್ನು ಒತ್ತಿ ಅಳೆದ ಬಲದ ವರ್ಗಮೂಲವನ್ನು 0.7ರಿಂದ ಗುಣಿಸಿದರೆ ಬಾಗುವಾಗಿನ ಎಳೆತ ಬಲ ಸಿಗುತ್ತದೆ, ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲದ ಕಾಂಕ್ರೀಟಿಗೆ 3.5 ನ್ಯೂಟನ್. ಮಾನಕ 456ರಲ್ಲೇ ಅದಿದೆ, ಆದರೆ ಅಂದಾಜಿಗೆಂದು. ಖಡಿಯ ಮೈಗೆ ಕ್ರಷರಿನ ಧೂಳು ಅಂಟಿತ್ತೇ, ನೀರುಣಿಸುವುದನ್ನು ಮೂರೇ ದಿನಕ್ಕೆ ನಿಲ್ಲಿಸಿದರೇ ಎಂಬುದು ಸೂತ್ರಕ್ಕೆ ಗೊತ್ತಾಗುವುದಿಲ್ಲ. ಸೀಳು ಪರೀಕ್ಷೆ ನೇರ ಎಳೆತಕ್ಕಿಂತ ತುಸು ಹೆಚ್ಚಿನ ಅಂಕಿ ಕೊಡುತ್ತದೆ ಎಂಬ ಆಕ್ಷೇಪ ಮಾತ್ರ ನಿಜವಾದದ್ದು. ಅಂಕಿ ಯಾವ ಪರೀಕ್ಷೆಯದೆಂದು ಬರೆದಿಟ್ಟರೆ ಅದರಿಂದ ಹಾನಿಯಿಲ್ಲ.

ಕುಷ್ಟಗಿ–ಇಳಕಲ್ ಸೀಮೆಯ ಕೆಂಪು ಗ್ರಾನೈಟಿಗೂ ಈ ಮಾತು ಸಲ್ಲುತ್ತದೆ. ಅಡುಗೆಮನೆಯ ಕಟ್ಟೆಗೆ ಹಾಕುವ ಚಪ್ಪಡಿ ಎರಡು ಸೆಂಟಿಮೀಟರಿನಷ್ಟೇ ದಪ್ಪ. ಸಿಂಕಿಗೆಂದು ಕೊರೆದ ಚೌಕದ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಕಲ್ಲಿಗೆ ಸುಲಭವಾಗಿ ಸೀಳುವ ಒಂದು ದಿಕ್ಕೂ ಇರುತ್ತದೆ. ಒಂದೇ ಬಂಡೆಯಿಂದ ಬಿಲ್ಲೆಗಳನ್ನು ಕೊರೆದು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಸೀಳಿದರೆ ಅದು ಅಂಕಿಯಲ್ಲೇ ಕಾಣುತ್ತದೆ. ಇದಕ್ಕೆಲ್ಲ ಹೊಸ ಯಂತ್ರ ಬೇಡ. ಕ್ಯೂಬು ಒತ್ತುವ ಯಂತ್ರದಲ್ಲೇ ಉರುಳೆಯನ್ನು ಮಲಗಿಸಿದರಾಯಿತು. ಸೀಳಿದ ಕಾಂಕ್ರೀಟಿನ ಎರಡು ಹೋಳನ್ನು ಎಸೆಯುವ ಮೊದಲು ಅವುಗಳ ಒಳಮೈಯನ್ನೊಮ್ಮೆ ನೋಡಬೇಕು. ಖಡಿಯೂ ಕತ್ತರಿಸಿಹೋಗಿ ಅದರ ಕೆಂಪು ಹರಳು ಹೊಳೆಯುತ್ತಿದ್ದರೆ ಸಿಮೆಂಟು ಅದನ್ನು ಬಿಡದೆ ಹಿಡಿದಿತ್ತು ಎಂದರ್ಥ. ಖಡಿ ಇಡಿಯಾಗಿ ಕಿತ್ತುಬಂದು ಎದುರಿನ ಹೋಳಿನಲ್ಲಿ ನುಣುಪಾದ ಗುಳಿ ಉಳಿದಿದ್ದರೆ, ಆ ಖಡಿಯನ್ನು ತೊಳೆಯದೆ ಸುರಿದಿದ್ದರೇ ಎಂದು ಗುತ್ತಿಗೆದಾರನನ್ನು ಕೇಳಬೇಕು.