ಗಣಕಯಂತ್ರಕ್ಕೆ ಕಾಲಿನ ಆಜ್ಞೆ

ಕುಳಿಮಗ್ಗದಲ್ಲಿ ಕುಳಿತ ನೇಕಾರನು ಕೈಯಿಂದ ಲಾಳಿಯನ್ನು ಓಡಿಸುತ್ತ, ಕಾಲಿನಿಂದ ತುಳಿಮಣೆಗಳನ್ನು ಒತ್ತುವುದನ್ನು ನೀವು ನೋಡಿರಬಹುದು. ಹೊಲಿಗೆಯ ಯಂತ್ರದಲ್ಲಿಯೂ ಕಾಲಿಗೆ ಕೆಲಸವುಂಟು. ಗಣಕಯಂತ್ರವಾದರೋ ಬಹುಮಟ್ಟಿಗೆ ಕೈಬೆರಳುಗಳನ್ನೇ ನಂಬಿಕೊಂಡಿದೆ. ಹಾಗಾದರೆ ಕೈಗಳು ಸ್ವಾಧೀನದಲ್ಲಿಲ್ಲದವರ ಗತಿಯೇನು? ಅವರ ಪಾದದ ಒತ್ತಡವನ್ನೇ ಯಂತ್ರಕ್ಕೆ ಆಜ್ಞೆಯನ್ನಾಗಿ ಮಾರ್ಪಡಿಸಬಹುದು.

ಈ ಕಲ್ಪನೆ ತೀರ ಹೊಸದಲ್ಲ. ಅಮೆರಿಕದ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶ್ಯಾನನ್ ಎಂಬುವರು 1961ರಲ್ಲಿ, ಸಿಗರೇಟು ಪೊಟ್ಟಣದ ಗಾತ್ರದ, 12 ಟ್ರಾನ್ಸಿಸ್ಟರುಗಳುಳ್ಳ ಗಣಕವೊಂದನ್ನು ರಚಿಸಿದರು. ರೂಲೆಟ್ ಎಂಬ ಜೂಜಿನಲ್ಲಿ ತಿರುಗುವ ಚಕ್ರದ ಯಾವ ಭಾಗದಲ್ಲಿ ಗುಂಡು ಬೀಳುವುದೆಂದು ಮುಂದಾಗಿ ತಿಳಿಸುವುದು ಅದರ ಕೆಲಸ. ಗುಂಡಿನ ವೇಗವನ್ನು ಅಳೆಯಲು ಒಬ್ಬರು ಬೂಟಿನೊಳಗಣ ಸ್ವಿಚ್ಚನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಉತ್ತರವು ಸ್ವರರೂಪದಲ್ಲಿ ಮತ್ತೊಬ್ಬರ ಕಿವಿಗೆ ಕೇಳಿಸುತ್ತಿತ್ತು. ಆದರೆ ಕಿವಿಗೆ ಹೋಗುವ ಸೂಕ್ಷ್ಮ ತಂತಿಗಳು ಪದೇ ಪದೇ ತುಂಡಾಗುತ್ತಿದ್ದವು.

ಸ್ವಿಚ್ಚಿಗೆ ತಿಳಿಯುವುದು ಒತ್ತಿದೆ ಅಥವಾ ಒತ್ತಿಲ್ಲ ಎಂಬ ಎರಡೇ ಸಂಗತಿ. ಎಷ್ಟು ಒತ್ತಿದೆ ಎಂಬುದನ್ನು ತಿಳಿಯಲು ಇಂಗಾಲದ ಕಣಗಳನ್ನು ಬೆರೆಸಿದ ಪಾಲಿಥೀನ್ ಹಾಳೆ ಸಾಕು. ಎರಡು ತಾಮ್ರದ ತಗಡುಗಳ ನಡುವೆ ಅದನ್ನಿಟ್ಟು ಒತ್ತಿದರೆ ಕಣಗಳೂ ತಗಡುಗಳೂ ಒಂದಕ್ಕೊಂದು ಹೆಚ್ಚು ತಾಗುತ್ತವೆ. ವಿದ್ಯುತ್ ರೋಧವು ಇಳಿಯುತ್ತದೆ. ಇದನ್ನು 10,000 ಓಮ್‌ಗಳ ಸ್ಥಿರ ರೋಧದೊಡನೆ ಸಾಲಾಗಿ ಜೋಡಿಸಿ 5 ವೋಲ್ಟ್ ಕೊಟ್ಟೆವೆನ್ನೋಣ. ಹಾಳೆಯ ರೋಧವೂ 10,000 ಓಮ್‌ಗಳಿಗೆ ಇಳಿದಾಗ ಸ್ಥಿರ ರೋಧದ ಪಾಲಿಗೆ ಸರಿಯಾಗಿ ಅರ್ಧ, ಎಂದರೆ 2.5 ವೋಲ್ಟ್, ಬರುತ್ತದೆ. ಇನ್ನೂ ಬಲವಾಗಿ ಒತ್ತಿದರೆ ಅದು ಏರುತ್ತದೆ. ಬೂಟಿಗೆ ಕಟ್ಟಿದ ಪುಟ್ಟ ನಿಯಂತ್ರಕವು ಇದನ್ನು ಸಂಖ್ಯೆಯನ್ನಾಗಿಸಿ, ಕೀಲಿಮಣೆಯ ಅಕ್ಷರವೊಂದನ್ನು ಒತ್ತಿದಂತೆಯೇ ಗಣಕಯಂತ್ರಕ್ಕೆ ಕಳುಹಿಸುತ್ತದೆ.

ನಿಜವಾದ ತೊಡಕು ಇರುವುದು ಮುಂದೆ. ಕಾಲಿನ ಮುಖ್ಯ ಕೆಲಸವು ದೇಹವನ್ನು ಹೊರುವುದಲ್ಲವೇ? 60 ಕಿಲೋಗ್ರಾಂ ತೂಕದವರು ನಿಂತಾಗ ಒಂದೊಂದು ಪಾದದ ಮೇಲೂ ಸುಮಾರು 30 ಕಿಲೋಗ್ರಾಂ ಭಾರವಿರುತ್ತದೆ. ಹೆಜ್ಜೆಯಿಟ್ಟಾಗ ಇಡೀ ಭಾರ ಒಂದೇ ಪಾದಕ್ಕೆ ಬರುತ್ತದೆ. ಪ್ರತಿ ಹೆಜ್ಜೆಯನ್ನೂ ಯಂತ್ರವು ಆಜ್ಞೆಯೆಂದು ಭ್ರಮಿಸಿದರೆ ಕಷ್ಟಪಟ್ಟು ಬರೆದ ಪತ್ರ ಅಳಿಸಿಹೋದೀತು! ಆದುದರಿಂದ ಹೆಬ್ಬೆರಳಿನ ಕೆಳಗೊಂದು, ಹಿಮ್ಮಡಿಯ ಕೆಳಗೊಂದು ಹಾಳೆಯನ್ನಿಡಬೇಕು. ನಡೆಯುವಾಗ ಬೆರಳು ನೆಲವನ್ನು ಒತ್ತಿ ಮುಂದೆ ನೂಕುವ ವೇಳೆಗೆ ಹಿಮ್ಮಡಿ ಮೇಲೆದ್ದಿರುತ್ತದೆ. ಹಿಮ್ಮಡಿಯು ನೆಲದಲ್ಲಿಯೇ ಇದ್ದು, ಬೆರಳು ಬೇಗ ಬೇಗನೆ ಎರಡು ಸಲ ಒತ್ತಿದರೆ ಮಾತ್ರ ಅದು ಆಜ್ಞೆ ಎಂದು ನಿಯಮವಿಟ್ಟರೆ ಗೊಂದಲವು ಬಹುಪಾಲು ತಪ್ಪುತ್ತದೆ.

ಬೆವರಿನಿಂದಲೂ ಬಳಕೆಯಿಂದಲೂ ಹಾಳೆಯ ರೋಧ ಬದಲಾಗುವುದರಿಂದ, ತೊಟ್ಟಾಗಲೆಲ್ಲ ಯಂತ್ರಕ್ಕೆ ಆ ದಿನದ ಒತ್ತಡವನ್ನು ಪರಿಚಯ ಮಾಡಿಕೊಡಬೇಕು. ಬ್ಯಾಟರಿಯ ಹೊರತು ಮನೆಯ ವಿದ್ಯುತ್ತನ್ನು ಪಾದರಕ್ಷೆಗೆ ಎಂದಿಗೂ ಜೋಡಿಸಕೂಡದು. ಹಾಳೆಯ ತುಂಡೊಂದು, ಎರಡು ತಗಡು, ಒಂದು ಮಲ್ಟಿಮೀಟರ್ ದೊರೆತರೆ ಮೊದಲ ಪರೀಕ್ಷೆಯನ್ನು ನೀವೇ ಶಾಲೆಯ ಪ್ರಯೋಗಶಾಲೆಯಲ್ಲಿ ಮಾಡಿ ನೋಡಬಹುದು. ಒತ್ತಡವನ್ನು ಅಳೆಯುವುದು ಸುಲಭವೆಂದೂ, ಅದರ ಹಿಂದಿನ ಇಚ್ಛೆಯನ್ನು ಗುರುತಿಸುವುದೇ ಕಠಿಣವೆಂದೂ ಆಗ ಮನವರಿಕೆಯಾಗುತ್ತದೆ.