ಹಳೇ ರ‍್ಯಾಮ್‌ನಲ್ಲಿ ಚಿನ್ನ ಇದೆ. ಆಸಿಡ್ ತರುವ ಮುಂಚೆ ಪೂರ್ತಿ ಲೆಕ್ಕ ಹಾಕೋಣ

ಕಳೆದ ತಿಂಗಳು ಚಿಕ್ಕಪ್ಪನ ಮಗ ತುಮಕೂರಿನಿಂದ ಫೋನ್ ಮಾಡಿದ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು, ಹೇಳಿಕೊಳ್ಳುವಂಥ ಕೆಲಸ ಸಿಕ್ಕಿಲ್ಲ. "ಅಣ್ಣಾ, ಒಂದು ಹದಿನೈದು ಸಾವಿರ ಬೇಕಿತ್ತು. ಎಸ್‌ಪಿ ರೋಡಲ್ಲಿ ಹಳೇ ರ‍್ಯಾಮ್ ಕೆಜಿ ಲೆಕ್ಕದಲ್ಲಿ ಕೊಡ್ತಾರೆ. ಸ್ಯಾಂಪಲ್‌ಗೆ ಅಂತ 40 ಪೀಸ್ ತಂದಿದ್ದೀನಿ. ಅದರಲ್ಲಿ ಚಿನ್ನ ತೆಗೆಯೋದು ಕಲ್ತಿದ್ದೀನಿ." ಎಲ್ಲಿ ಕಲ್ತೆ ಅಂತ ಕೇಳಬೇಕಾಗಿಯೇ ಇರಲಿಲ್ಲ. ಯೂಟ್ಯೂಬ್.

ನಗಬೇಡಿ. ಚಿನ್ನ ಗ್ರಾಂಗೆ 10 ಸಾವಿರ ದಾಟಿದ ಮೇಲೆ ಈ ಯೋಚನೆ ಬಂದವನು ಅವನೊಬ್ಬನೇ ಅಲ್ಲ. ಯೋಚನೆ ಸುಳ್ಳೂ ಅಲ್ಲ. ಟೋಕಿಯೋ ಒಲಿಂಪಿಕ್ಸ್‌ನ ಪದಕಗಳಿಗಾಗಿ ಜಪಾನಿನವರು ಜನರಿಂದ 62 ಲಕ್ಷ ಹಳೆಯ ಮೊಬೈಲ್ ಫೋನ್‌ಗಳನ್ನೂ ಸುಮಾರು 79 ಸಾವಿರ ಟನ್ ಇತರ ಸಣ್ಣ ಸಾಧನಗಳನ್ನೂ ಸಂಗ್ರಹಿಸಿ 32 ಕಿಲೋ ಚಿನ್ನ ತೆಗೆದರು. ಎಂಜಿನಿಯರಿಂಗ್ ಓದಿ, ಅದನ್ನು ಎಲ್ಲೂ ಬಳಸದೆ ಬರವಣಿಗೆಗೆ ಬಂದವನು ನಾನು. ಒಂದು ಸಲವಾದರೂ ಡಿಗ್ರಿ ಉಪಯೋಗಕ್ಕೆ ಬರಲಿ ಅಂತ ಪೆನ್ನು, ಹಾಳೆ ತಗೊಂಡು ಕೂತೆ.

ರ‍್ಯಾಮ್ ಕಡ್ಡಿಯ ಅಂಚಿನಲ್ಲಿ ಸಾಲಾಗಿ ಹಳದಿ ಹಲ್ಲುಗಳಿರುತ್ತವಲ್ಲ, ಕಾಣುವ ಚಿನ್ನ ಅದೇ. ಡಿಡಿಆರ್3 ಕಡ್ಡಿಯಲ್ಲಿ ಎರಡೂ ಬದಿ ಸೇರಿ 240 ಹಲ್ಲು. ಒಂದೊಂದರ ವಿಸ್ತೀರ್ಣ ಸುಮಾರು 2 ಚದರ ಮಿಲಿಮೀಟರ್ ಅಂದುಕೊಳ್ಳಿ. ಒಟ್ಟು 480 ಚದರ ಮಿಲಿಮೀಟರ್. ಲೇಪನ ಒಳ್ಳೆಯ ಗುಣಮಟ್ಟದ್ದಾದರೆ 0.75 ಮೈಕ್ರಾನ್ ದಪ್ಪ ಇರುತ್ತೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಚಿನ್ನದ ಸಾಂದ್ರತೆ 19.3ರಿಂದ ಗುಣಿಸಿದರೆ ಒಂದು ಕಡ್ಡಿಗೆ 7 ಮಿಲಿಗ್ರಾಂ. ಇದು ಗರಿಷ್ಠ. ಲೇಪನ ಇದಕ್ಕಿಂತ ತೆಳು ಇರುವ ಕಡ್ಡಿಗಳೇ ಹೆಚ್ಚು.

ಅಂದರೆ ಒಂದು ಗ್ರಾಂ ಚಿನ್ನಕ್ಕೆ, ಒಂದು ಕಣವೂ ಕಳೆದುಹೋಗದಿದ್ದರೆ, 140 ಕಡ್ಡಿ. ಕಡ್ಡಿಯೊಂದು 20 ಗ್ರಾಂ ತೂಗಿದರೆ ಸುಮಾರು 3 ಕೆಜಿ. ಕೋಲಾರದ ಗಣಿಯಲ್ಲಿ ಕೊನೆಕೊನೆಗೆ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದದ್ದು 3 ಗ್ರಾಂ ಆಸುಪಾಸು. ಅದಕ್ಕೆ ಹೋಲಿಸಿದರೆ ಇದು ಭರ್ಜರಿ ಅದಿರು, ನಿಜ. ಆದರೆ ಹುಡುಗನ 40 ಕಡ್ಡಿಯಲ್ಲಿ ಇರೋದು ಕಾಲು ಗ್ರಾಂ ಮೀರಿ ಒಂದಿಷ್ಟು. ಮಾರುವ ಅಂಗಡಿಯವನಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಚಿನ್ನದ ರೇಟು ಏರಿದ ದಿನ ಸ್ಕ್ರ್ಯಾಪಿನ ರೇಟೂ ಏರುತ್ತೆ.

ಇನ್ನು ತೆಗೆಯುವ ವಿಧಾನ. ಚಿನ್ನಕ್ಕೆ ನೈಟ್ರಿಕ್ ಆಮ್ಲ ಒಂದೇ ಹಾಕಿದರೆ ಏನೂ ಆಗಲ್ಲ, ಹೈಡ್ರೋಕ್ಲೋರಿಕ್ ಆಮ್ಲ ಒಂದೇ ಹಾಕಿದರೂ ಆಗಲ್ಲ. ಎರಡನ್ನೂ ಬೆರೆಸಿದ ಅಕ್ವಾ ರೀಜಿಯಾದಲ್ಲಿ ಕರಗುತ್ತೆ. ನೈಟ್ರಿಕ್ ಆಮ್ಲ ಚಿನ್ನದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ, ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡ್ ಅದನ್ನು ಹಿಡಿದಿಟ್ಟು ಮತ್ತೆ ಲೋಹವಾಗದಂತೆ ನೋಡಿಕೊಳ್ಳುತ್ತೆ. 1940ರಲ್ಲಿ ನಾಜಿಗಳು ಕೋಪನ್‌ಹೇಗನ್‌ಗೆ ನುಗ್ಗಿದಾಗ ಜಾರ್ಜ್ ಡಿ ಹೆವೆಸಿ ಎಂಬ ವಿಜ್ಞಾನಿ ಇಬ್ಬರು ಜರ್ಮನ್ ಭೌತವಿಜ್ಞಾನಿಗಳ ನೊಬೆಲ್ ಪದಕಗಳನ್ನು ಇದೇ ದ್ರಾವಣದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟಿದ್ದ. ಯುದ್ಧ ಮುಗಿದ ಮೇಲೆ ಆ ಚಿನ್ನವನ್ನೇ ತೆಗೆದು ಹೊಸ ಪದಕ ಮಾಡಿಕೊಟ್ಟರು.

ಅವನ ಕೈಯಲ್ಲಿದ್ದದ್ದು ಅಪ್ಪಟ ಪದಕ. ರ‍್ಯಾಮ್‌ನಲ್ಲಿ ಚಿನ್ನದ ಕೆಳಗೆ ನಿಕಲ್, ಅದರ ಕೆಳಗೆ ತಾಮ್ರ, ಅಲ್ಲಲ್ಲಿ ಬೆಸುಗೆಯ ತವರ. ತಾಮ್ರದ ಪ್ರಮಾಣ ಚಿನ್ನದ ಎಷ್ಟೋ ನೂರು ಪಟ್ಟು. ಹೊಸಬರು ಮಾಡುವ ಮೊದಲ ತಪ್ಪು, ಇಡೀ ಬೋರ್ಡನ್ನೇ ಆಸಿಡ್‌ಗೆ ಅದ್ದೋದು. ತವರ ನೈಟ್ರಿಕ್ ಆಮ್ಲದ ಜೊತೆ ಸೇರಿ ಬಿಳಿ ಗಂಜಿಯಂಥ ಮುದ್ದೆಯಾಗುತ್ತೆ, ಚಿನ್ನ ಅದರೊಳಗೆ ಸಿಕ್ಕಿಬೀಳುತ್ತೆ, ಸೋಸು ಕಾಗದ ಕಟ್ಟಿಕೊಳ್ಳುತ್ತೆ. ಕರಗದೆ ಉಳಿದ ತಾಮ್ರ ಇದ್ದರೆ, ಕರಗಿದ ಚಿನ್ನ ಹೋಗಿ ಅದರ ಮೇಲೆಯೇ ಮತ್ತೆ ಕೂರುತ್ತೆ. ಬಳಗಿದವರು ಅದಕ್ಕೇ ಮೊದಲು ಹಲ್ಲಿನ ಪಟ್ಟಿಯನ್ನಷ್ಟೇ ಕತ್ತರಿಸಿ, ತಾಮ್ರ ಮತ್ತು ನಿಕಲನ್ನು ಬೇರೆ ಮಾಡಿ, ತೇಲಿ ಬಂದ ಚಿನ್ನದ ಹಾಳೆಯನ್ನು ಮಾತ್ರ ಕರಗಿಸುತ್ತಾರೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಚಿನ್ನ ಕಂದು ಪುಡಿಯಾಗಿ ತಳಕ್ಕೆ ಇಳಿಯುತ್ತೆ. ದ್ರಾವಣದಲ್ಲಿ ನೈಟ್ರಿಕ್ ಆಮ್ಲ ಮಿಕ್ಕಿದ್ದರೆ ಇಳಿದದ್ದು ಮತ್ತೆ ಕರಗಿಹೋಗುತ್ತೆ. ಪುಡಿ ನೋಡಿದ ಅರ್ಧ ಜನ ಇದು ಕೊಳೆ ಅಂದ್ಕೊಂಡು ಚೆಲ್ಲಿಬಿಡ್ತಾರೇನೋ.

ವಿಡಿಯೋದಲ್ಲಿ ಕೊನೆಗೆ ಹೊಳೆಯುವ ಗುಂಡು ತೋರಿಸುತ್ತಾರೆ. ಮಧ್ಯದಲ್ಲಿ ಏಳುವ ಕಂದು ಹೊಗೆಗೆ ವಾಸನೆಯಿಲ್ಲ, ಸ್ಕ್ರೀನ್ ಅಲ್ವಾ. ಅದು ನೈಟ್ರೋಜನ್ ಡಯಾಕ್ಸೈಡ್. ಇದರ ಮೋಸ ಏನಂದ್ರೆ, ಉಸಿರಾಡಿದಾಗ ಸ್ವಲ್ಪ ಗಂಟಲು ಕೆರೆದು ಸುಮ್ಮನಾಗುತ್ತೆ. ನೀವು ಕೈ ತೊಳೆದು ಊಟ ಮಾಡಿ ಮಲಗಿರುತ್ತೀರಿ. ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಮೆಡಿಕಲ್ ಸ್ಟೋರಿನ ಬಟ್ಟೆ ಮಾಸ್ಕ್ ಇದನ್ನು ತಡೆಯಲ್ಲ, ಟೆರೇಸಿನ ಗಾಳಿಯೂ ಭರವಸೆಯಲ್ಲ. ಹೊಗೆ ಎಳೆಯುವ ಫ್ಯೂಮ್ ಹುಡ್ ಇಲ್ಲದೆ ಯಾವ ಲ್ಯಾಬಿನಲ್ಲೂ ಇದನ್ನು ಮಾಡಲು ಬಿಡುವುದಿಲ್ಲ. ಅದರ ಖರ್ಚನ್ನು ಹುಡುಗನ ಹದಿನೈದು ಸಾವಿರದಲ್ಲಿ ಎಲ್ಲಿ ಸೇರಿಸೋದು?

"ಉಳಿದ ಆಸಿಡ್ ಏನ್ ಮಾಡ್ತೀಯಾ?" ಅಂತ ಕೇಳಿದೆ. "ನೀರು ಬೆರೆಸಿ ಚರಂಡಿಗೆ" ಅಂದ.

ತಾಮ್ರ, ನಿಕಲ್, ಕೆಲವೊಮ್ಮೆ ಸೀಸ ಇರುವ ಹಸಿರು ನೀರು ಅದು. ಎಷ್ಟು ನೀರು ಬೆರೆಸಿದರೂ ಲೋಹ ಅಷ್ಟೇ ಇರುತ್ತೆ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ವೃಷಭಾವತಿಗೆ, ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅಲ್ಲಿಂದ ಹೊಲಗಳಿಗೆ, ಮುಂದೆ ಅರ್ಕಾವತಿಗೆ. ತರಕಾರಿ ಮಾತ್ರ ವಾಪಸ್ ನಮ್ಮ ಮಾರ್ಕೆಟ್ಟಿಗೇ ಬರುತ್ತೆ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಚಿನ್ನ ಎಂದೋ ಊರು ಬಿಟ್ಟಿತು. ಸೈನೈಡ್ ದಿಬ್ಬಗಳು ಅಲ್ಲೇ ಇವೆ, ಗಾಳಿ ಬೀಸಿದರೆ ಧೂಳು ಮನೆಯೊಳಗೆ.

ಸಣ್ಣದಾಗಿ ಆಸಿಡ್‌ನಲ್ಲಿ ಚಿನ್ನ ತೆಗೆಯೋದು ಲಾಭದಾಯಕ ಅಂತ ಕಾಣೋದು ಈ ಎರಡು ಖರ್ಚು, ಎದೆಯದ್ದು ಮತ್ತು ಚರಂಡಿಯದ್ದು, ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟಾಗ ಮಾತ್ರ. ದೆಹಲಿಯ ಸೀಲಂಪುರದಲ್ಲಿ ವರ್ಷಗಳಿಂದ ನಡೆಯುತ್ತಿರುವುದು ಹೀಗೇ. ದೊಡ್ಡವರು ಸಂಪೂರ್ಣ ಸ್ವಚ್ಛ ಅಂತೇನೂ ಇಲ್ಲ. ಬೆಲ್ಜಿಯಂನ ಹೊಬೊಕೆನ್‌ನಲ್ಲಿ ಉಮಿಕೋರ್ ಕಂಪನಿ ಬೋರ್ಡುಗಳನ್ನು ಕುಲುಮೆಗೆ ಹಾಕಿ, ಹೊಗೆ ಶುದ್ಧೀಕರಿಸುವ ವ್ಯವಸ್ಥೆ ಇಟ್ಟುಕೊಂಡು ಚಿನ್ನ ತೆಗೆಯುತ್ತೆ. ಅಲ್ಲಿಯೂ 2020ರಲ್ಲಿ ಪಕ್ಕದ ಬಡಾವಣೆಯ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದು ದೊಡ್ಡ ಸುದ್ದಿಯಾಯಿತು. ವ್ಯತ್ಯಾಸ ಇಷ್ಟೇ, ಅಲ್ಲಿ ರಕ್ತ ಪರೀಕ್ಷೆ ಮಾಡುವವರು ಇದ್ದರು.

ನಮ್ಮ ಕಾನೂನು ಏನು ಮಾಡಿದೆ? 2016ರ ಇ-ತ್ಯಾಜ್ಯ ನಿಯಮಗಳಲ್ಲಿ, ಸಾಧನ ಬಿಚ್ಚಿ ಭಾಗ ಬೇರ್ಪಡಿಸುವವರಿಗೆ ಅಂತಲೇ ಒಂದು ವರ್ಗ ಇತ್ತು. ಆಸಿಡ್ ಮುಟ್ಟದೆ, ಸ್ಕ್ರೂಡ್ರೈವರ್ ಹಿಡಿದು, ಲೈಸೆನ್ಸ್ ಇಟ್ಟುಕೊಂಡು ಈ ದಂಧೆಗೆ ಕಾಲಿಡಲು ಸಣ್ಣವರಿಗೆ ಇದ್ದ ಮೆಟ್ಟಿಲು ಅದು. 2023ರ ಏಪ್ರಿಲ್‌ನಿಂದ ಜಾರಿಯಾದ 2022ರ ನಿಯಮಗಳಲ್ಲಿ ಆ ವರ್ಗವೇ ಇಲ್ಲ. ಈಗಿರುವುದು ತಯಾರಕ, ಉತ್ಪಾದಕ, ದುರಸ್ತಿಗಾರ, ಮರುಬಳಕೆದಾರ. ಕಂಪನಿಗಳು ತಾವು ಮಾರಿದ್ದಕ್ಕೆ ತಕ್ಕಷ್ಟು ಮರುಬಳಕೆ ಆಗಿದೆ ಅಂತ ತೋರಿಸಲು ಪ್ರಮಾಣಪತ್ರ ಕೊಳ್ಳಬೇಕು. ಆ ಪ್ರಮಾಣಪತ್ರ ಹುಟ್ಟೋದು ನೋಂದಾಯಿತ ಮರುಬಳಕೆದಾರ ತೆಗೆದ ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂನ ಲೆಕ್ಕದ ಮೇಲೆ. ಗಾಡಿ ತಳ್ಳಿಕೊಂಡು ಮನೆಮನೆಯಿಂದ ಸಾಮಾನು ತಂದವನಿಗೆ, ಗುಜರಿಯಲ್ಲಿ ಕೂತು ಬಿಚ್ಚಿದವಳಿಗೆ ಅದರಲ್ಲಿ ಪೈಸೆ ಇಲ್ಲ. ಮರುಬಳಕೆಗೆ ಸರ್ಕಾರ ಕೆಜಿಗೆ ಕನಿಷ್ಠ 22 ರೂಪಾಯಿ ದರ ಕಟ್ಟಿದ್ದಕ್ಕೇ ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು.

ತಮಾಷೆ ಅಂದರೆ ಇದೇ ನಿಯಮಗಳು ರಾಜ್ಯ ಸರ್ಕಾರಕ್ಕೆ ಹೇಳುತ್ತವೆ: ಕೈಗಾರಿಕಾ ಪ್ರದೇಶಗಳಲ್ಲಿ ಬಿಚ್ಚುವ ಕೆಲಸಕ್ಕೆ ಜಾಗ, ಶೆಡ್ಡು ಮೀಸಲಿಡಿ, ಆ ಕಾರ್ಮಿಕರನ್ನು ನೋಂದಾಯಿಸಿ, ತರಬೇತಿ ಕೊಡಿ, ಅವರ ಆರೋಗ್ಯ ಗಮನಿಸಿ. ನಿಮ್ಮ ಶಾಸಕರು ಊರಿಗೆ ಬಂದಾಗ ಕೇಳಬೇಕಾದ ಪ್ರಶ್ನೆ ಇದು. ನಮ್ಮ ಜಿಲ್ಲೆಯಲ್ಲಿ ಆ ಶೆಡ್ಡು ಎಲ್ಲಿದೆ ಸಾರ್?

ಹುಡುಗನಿಗೆ ದುಡ್ಡು ಕೊಟ್ಟೆ, ಆಸಿಡ್‌ಗೆ ಬೇಡ ಅಂದೆ. ಗ್ರಾಂಗೆ 10 ಸಾವಿರದ ಲೆಕ್ಕದಲ್ಲಿ 7 ಮಿಲಿಗ್ರಾಂ ಅಂದರೆ 70 ರೂಪಾಯಿ. ಚಾಲೂ ಇರುವ 4 ಜಿಬಿ ಕಡ್ಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿಗೆ ಹೋಗುತ್ತೆ. ಹಳೇ ಕಂಪ್ಯೂಟರ್ ಒಂದು ತಗೊಂಡು 40ನ್ನೂ ಒಂದೊಂದಾಗಿ ಟೆಸ್ಟ್ ಮಾಡು ಅಂದೆ. ಮೊನ್ನೆ ಫೋನ್ ಬಂತು. ಹದಿಮೂರು ನಡೀತಿವೆ, ಒಂಬತ್ತು ಮಾರಿದ್ದಾನೆ.

"ಉಳಿದ ಇಪ್ಪತ್ತೇಳು ಯಾರಿಗೆ ಕೊಡ್ಲಿ ಅಣ್ಣಾ?"

ನೋಂದಾಯಿತ ಮರುಬಳಕೆದಾರರ ಪಟ್ಟಿ ತೆಗೆದು ಇಬ್ಬರಿಗೆ ಫೋನ್ ಮಾಡಿದೆ. ಇಪ್ಪತ್ತೇಳು ಪೀಸಿಗೆ ಗಾಡಿ ಕಳಿಸಲ್ಲ, ನೀವೇ ತಂದುಕೊಟ್ಟರೆ ಇಟ್ಕೋತೀವಿ, ದುಡ್ಡು ಕೊಡಕ್ಕಾಗಲ್ಲ ಅಂದರು. ತುಮಕೂರಿನ ಗುಜರಿಯವನು ತೂಕ ಹಾಕಿ ಕೈಗೆ ಕ್ಯಾಶ್ ಕೊಡ್ತೀನಿ ಅಂದಿದ್ದಾನಂತೆ. ಅವನು ಅದನ್ನು ಯಾರಿಗೆ ಮಾರುತ್ತಾನೆ, ಅವರು ಯಾವ ಚರಂಡಿಯ ಪಕ್ಕ ಕೂತಿದ್ದಾರೆ ಅಂತ ಇಬ್ಬರಿಗೂ ಗೊತ್ತಿದೆ. ಚೀಲ ಸದ್ಯಕ್ಕೆ ಚಿಕ್ಕಪ್ಪನ ಮನೆಯ ಅಟ್ಟದ ಮೇಲಿದೆ.