ಗ್ರೀಸ್ ಸುಟ್ಟ ದಾರಿಯಲ್ಲಿ ಹುಟ್ಟಿದ ಸೈಕಲ್

ಗುಡ್ಡದ ನೆತ್ತಿಯಿಂದ ಹೊರಟ ಸೈಕಲ್ ಐದು ನಿಮಿಷದೊಳಗೆ ಬುಡ ತಲುಪಿದೆ. ಸವಾರನ ಮೈತುಂಬ ಧೂಳು, ಮೊಣಕೈ ತರಚಿದೆ. ಹಿಂದಿನ ಗಾಲಿಯ ನಡುವೆ, ಹಬ್‌ನಿಂದ ಹೊಗೆ ಏಳುತ್ತಿದೆ. ಒಳಗಿದ್ದ ಗ್ರೀಸ್ ಕಾದು ಆವಿಯಾಗಿ ಹೋಗಿದೆ. ಇನ್ನೊಮ್ಮೆ ಇಳಿಯಬೇಕೆಂದರೆ ಗಾಲಿ ಕಳಚಿ, ಹಬ್ ಬಿಚ್ಚಿ, ಹೊಸ ಗ್ರೀಸ್ ತುಂಬಲೇಬೇಕು.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಇದು ಮಾಮೂಲಿ ನೋಟವಾಗಿತ್ತು. ಸ್ಯಾನ್‌ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಗುಡ್ಡಗಾಡು ಅದು. ಗ್ರೀಸ್ ಮತ್ತೆ ತುಂಬುವುದನ್ನು ಅಲ್ಲಿಯವರು 'ರೀಪ್ಯಾಕ್' ಎನ್ನುತ್ತಿದ್ದರು. ಫೇರ್‌ಫ್ಯಾಕ್ಸ್ ಪಟ್ಟಣದ ಸಮೀಪದ ಆ ಇಳಿಜಾರಿಗೆ ಅದೇ ಹೆಸರು ಅಂಟಿಕೊಂಡಿತು. ದಾರಿಗೆ ದೇವರ ಹೆಸರೋ ದೊಡ್ಡವರ ಹೆಸರೋ ಬರುವುದುಂಟು. ಸೈಕಲ್ ರಿಪೇರಿಯ ಹೆಸರು ಬಂದದ್ದು ಅಪರೂಪವೇ ಸರಿ.

ಇಂದು ಯಾವ ಊರಿನ ಸೈಕಲ್ ಅಂಗಡಿಗೆ ಹೋದರೂ ದಪ್ಪ ಟೈರಿನ, ಗೇರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ 'ಮೌಂಟೇನ್ ಬೈಕ್' ಸಾಲಾಗಿ ನಿಂತಿರುತ್ತದೆ. ಪರೀಕ್ಷೆ ಪಾಸಾದರೆ ಕೊಡಿಸಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಅಪ್ಪ ಬೆಲೆಯ ಚೀಟಿ ನೋಡುತ್ತಾನೆ, ಅಮ್ಮನಿಗೆ ಮಗ ಬಿದ್ದರೆ ಏನು ಗತಿ ಎಂಬ ಚಿಂತೆ. ಆದರೆ ಈ ಸೈಕಲ್ ಹುಟ್ಟಿದ್ದು ಅಂಗಡಿಯಲ್ಲಲ್ಲ, ಗುಜರಿಯಲ್ಲಿ.

ಅಜ್ಜನ ಕಾಲದ ಸೈಕಲ್ಲು

1933ರಲ್ಲಿ ಅಮೆರಿಕದ ಷ್ವಿನ್ ಕಂಪನಿ ಹುಡುಗರಿಗಾಗಿ ದಪ್ಪ ಬಲೂನ್ ಟೈರಿನ ಗಟ್ಟಿ ಸೈಕಲ್ ತಂದಿತ್ತು. ನಲವತ್ತು ವರ್ಷಗಳ ನಂತರ ಅವು ಹಳೆ ಸಾಮಾನಿನ ಅಂಗಡಿಗಳಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದವು. ಮರೀನ್‌ನ ಕೆಲವು ತರುಣರು ಅವನ್ನು ಪುಡಿಗಾಸಿಗೆ ಕೊಂಡು, ಮಡ್‌ಗಾರ್ಡ್, ಸ್ಟ್ಯಾಂಡು ಎಲ್ಲ ಕಿತ್ತೆಸೆದು ಗುಡ್ಡಕ್ಕೆ ಒಯ್ದರು. ಗ್ಯಾರಿ ಫಿಷರ್ ಮತ್ತು ಜೋ ಬ್ರೀಝ್ ರಸ್ತೆ ರೇಸಿನ ಸವಾರರು. ಚಾರ್ಲಿ ಕೆಲ್ಲಿ ಸಂಗೀತ ತಂಡವೊಂದರ ವಾದ್ಯ, ಸಾಮಾನು ಸಾಗಿಸುವ ಕೆಲಸದಲ್ಲಿದ್ದರು.

ಹಳೆಯ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೇ ಬ್ರೇಕ್ ಬೀಳುತ್ತಿತ್ತು. ಊರ ರಸ್ತೆಗೆ ಅಷ್ಟು ಸಾಕು. ರೀಪ್ಯಾಕ್ ದಾರಿಯಾದರೋ ಸುಮಾರು 3 ಕಿಲೋಮೀಟರಿನಲ್ಲಿ 1,300 ಅಡಿ ಇಳಿಯುತ್ತದೆ. ಸವಾರನ ಭಾರ, ವೇಗ ಎಲ್ಲವೂ ಶಾಖವಾಗಿ ಆ ಪುಟ್ಟ ಹಬ್ಬಿಗೇ ಸೇರಬೇಕು. ಗ್ರೀಸ್ ಉರಿದು ಹೋಗದೆ ಏನಾದೀತು?

1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಬೀಳದೆ ಕೆಳಗೆ ಬಂದವರು ಅಲನ್ ಬಾಂಡ್ಸ್ ಒಬ್ಬರೇ, ಗೆಲುವೂ ಅವರದೇ. ಮುಂದೆ ಫಿಷರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದು ದಾಖಲೆ ಮಾಡಿದರು.

ಬಿದ್ದವರು ಸುಮ್ಮನೆ ಕೂರಲಿಲ್ಲ, ಸೈಕಲ್ಲನ್ನೇ ತಿದ್ದುತ್ತ ಹೋದರು. ಹಬ್ ಬ್ರೇಕ್ ಹೋಗಿ ಡ್ರಮ್ ಬ್ರೇಕ್ ಬಂತು, ಬೈಕಿನ ಬ್ರೇಕ್ ಲಿವರ್ ಬಂತು, ಹತ್ತುವುದಕ್ಕೆ ಗೇರ್ ಬಂತು. ಆದರೆ ಹಳೆಯ ಫ್ರೇಮ್‌ಗಳು ಮುರಿಯುತ್ತಿದ್ದವು. ಫ್ರೇಮ್ ಕಟ್ಟುವುದನ್ನು ಬಲ್ಲ ಬ್ರೀಝ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಫ್ರೇಮ್ ಬೆಸೆದು, ಹೊಸ ಭಾಗಗಳನ್ನೇ ಜೋಡಿಸಿದರು. 1979ರಲ್ಲಿ ಫಿಷರ್ ಮತ್ತು ಕೆಲ್ಲಿ, ಟಾಮ್ ರಿಚಿ ಮಾಡಿದ ಫ್ರೇಮ್‌ಗಳನ್ನು 'ಮೌಂಟೇನ್‌ಬೈಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. 1981ರಲ್ಲಿ 'ಸ್ಟಂಪ್‌ಜಂಪರ್' ಕಾರ್ಖಾನೆಯಿಂದ ರಾಶಿಯಾಗಿ ಹೊರಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದೇ ಕ್ರೀಡೆಗೆ ಪದಕ. ಗುಜರಿಯಿಂದ ಒಲಿಂಪಿಕ್ಸಿಗೆ ಇಪ್ಪತ್ತೇ ವರ್ಷ!

ಕೊಳ್ಳುವ ಮುನ್ನ, ಕೊಂಡ ಮೇಲೆ

ಗೇರು ಎಷ್ಟಿವೆ ಎಂದು ಎಣಿಸುವ ಮೊದಲು ಹುಡುಗನನ್ನೋ ಹುಡುಗಿಯನ್ನೋ ಸೈಕಲ್ಲಿನ ಮೇಲಿನ ಕೊಳವೆಯ ಆಚೀಚೆ ಕಾಲಿಟ್ಟು ನಿಲ್ಲಿಸಿ ನೋಡಬೇಕು. ಎರಡೂ ಪಾದ ನೆಲಕ್ಕೆ ಊರಿ, ಕೊಳವೆಗೂ ಮೈಗೂ ನಡುವೆ ಜಾಗ ಉಳಿಯಬೇಕು. ಮುಂದಿನ ವರ್ಷ ಬೆಳೆಯುತ್ತಾನೆ ಎಂದು ಅಂಗಿ ಹೊಲಿಸಿದ ಹಾಗೆ ದೊಡ್ಡ ಸೈಕಲ್ ಕೊಡಿಸುವುದು ಅಪಾಯ. ಅಗ್ಗದ ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಬಹುಪಾಲು ತೂಕ ಹೆಚ್ಚಿಸುವುದಕ್ಕಷ್ಟೇ. ಆ ಹಣ ಒಳ್ಳೆಯ ಬ್ರೇಕಿಗೂ ಹೆಲ್ಮೆಟ್ಟಿಗೂ ಹೋದರೆ ಲೇಸು. ಒಮ್ಮೆ ಜೋರಾಗಿ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಹಾಕಬಾರದು. ಒಳಗಿನ ಥರ್ಮೋಕೋಲ್‌ನಂಥ ಪದರ ಕುಗ್ಗಿರುತ್ತದೆ.

ನಮ್ಮ ಸೈಕಲ್ ಷಾಪುಗಳಲ್ಲಿ 'ಓವರಾಯಿಲಿಂಗ್' ಎಂದು ಹೇಳುವ ಕೆಲಸವೇ ಆ ರೀಪ್ಯಾಕ್. ಸೀಮೆಎಣ್ಣೆಯಲ್ಲಿ ತೊಳೆದ ಬಾಲ್ಸ್‌ಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಕೆಸರಾದ ಸೈಕಲ್ಲಿಗೆ ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಈ ಗ್ರೀಸಿಗೇ ಸಂಚಕಾರ. ನೀರು ಬೇರಿಂಗಿನ ಒಳಗೆ ನುಗ್ಗುತ್ತದೆ. ಒಂದು ಬಕೆಟ್ ನೀರು, ಹಳೆಯ ಬ್ರಷ್ಷು, ಒಣ ಬಟ್ಟೆ ಸಾಕು.

ಚೈನಿನ ವಿಷಯಕ್ಕೆ ಶಾಲೆಯ ಸ್ಕೇಲೇ ಸಾಧನ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ, 24 ಕೊಂಡಿ ಆಚೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ. ಎಂಟನೇ ಒಂದು ಭಾಗ ಹೋಗುವವರೆಗೂ ಬಿಟ್ಟರೆ ಹಲ್ಲುಚಕ್ರಗಳೂ ಸವೆದಿರುತ್ತವೆ, ಖರ್ಚು ಹಲವು ಪಟ್ಟು. ಚೈನು 'ಜಗ್ಗಿದೆ' ಎನ್ನುವುದು ರೂಢಿ. ನಿಜಕ್ಕೂ ಉಕ್ಕು ಜಗ್ಗುವುದಿಲ್ಲ, ಪಿನ್ನುಗಳ ಸುತ್ತ ಮಣ್ಣು ಅರೆದು ಸಂದು ದೊಡ್ಡದಾಗುತ್ತದೆ. ಎಣ್ಣೆ ಬಿಟ್ಟ ಮೇಲೆ ಹೊರಗಿನದನ್ನು ಒರೆಸಬೇಕೆನ್ನುವುದು ಇದಕ್ಕೇ: ಜಿಡ್ಡಿಗೆ ಮಣ್ಣು ಅಂಟುತ್ತದೆ. ಎಣ್ಣೆಯ ಒಂದು ಹನಿಯೂ ಡಿಸ್ಕ್ ಬ್ರೇಕಿಗೆ ತಾಗಬಾರದು.

ಹೊರಡುವ ಮುನ್ನ ಎರಡು ನಿಮಿಷದ ಪರೀಕ್ಷೆಯೊಂದಿದೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದರೆ ಹ್ಯಾಂಡಲ್ಲಿನ ಬಳಿ ಟಕಟಕ ಎನ್ನಬಾರದು. ಗಾಲಿ ಎತ್ತಿ ತಿರುಗಿಸಿದರೆ ಓಲಾಡಬಾರದು. ಬ್ರೇಕಿನ ತಂತಿಯಲ್ಲಿ ಒಂದು ಎಳೆ ಬಿಚ್ಚಿದ್ದರೂ ಅಂದು ಗುಡ್ಡದ ಸಹವಾಸ ಬೇಡ.

ನಡೆಯುವವರೂ ಇದ್ದಾರೆ

ಮರೀನ್‌ನ ಗುಡ್ಡಗಳಲ್ಲಿ ಸೈಕಲ್ಲು ಹೆಚ್ಚಿದಂತೆ ಜಗಳವೂ ಹೆಚ್ಚಿತು. ತಿರುವಿನಲ್ಲಿ ಧುತ್ತೆಂದು ಎದುರಾಗುವ ಸವಾರರಿಂದ ಕಾಲ್ನಡಿಗೆಯವರೂ ಕುದುರೆ ಏರಿ ಬರುವವರೂ ಬೇಸತ್ತರು. ಬಹುಪಾಲು ಕಿರುಹಾದಿಗಳು ಸೈಕಲ್ಲಿಗೆ ಮುಚ್ಚಿದವು, ಅಗಲ ದಾರಿಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ ಬಂತು. ಸವಾರರು ಕೇಳಿಕೊಂಡು ಗೆದ್ದದ್ದಕ್ಕಿಂತ, ಕೆಲವರ ಅತಿವೇಗದಿಂದ ಎಲ್ಲರೂ ಕಳೆದುಕೊಂಡದ್ದೇ ಹೆಚ್ಚು ಎನ್ನಬೇಕು. 1988ರಲ್ಲಿ ಕ್ಯಾಲಿಫೋರ್ನಿಯಾದ ಸೈಕಲ್ ಸಂಘಗಳು ಅಂತರರಾಷ್ಟ್ರೀಯ ಮೌಂಟೇನ್ ಬೈಸಿಕಲ್ ಸಂಘವನ್ನು ಕಟ್ಟಿದ್ದು ಈ ತಕರಾರಿನ ನಡುವೆಯೇ. ಮಳೆ ನಿಂತ ಕೂಡಲೆ ಹಸಿ ಹಾದಿ ತುಳಿಯಬೇಡಿ, ಗಾಲಿಯ ಗೆರೆಯಲ್ಲಿ ನೀರು ಹರಿದು ಹಾದಿ ಕೊರೆಯುತ್ತದೆ. ನಡೆಯುವವರಿಗೆ ಮೊದಲು ದಾರಿ ಬಿಡಿ ಎಂಬ ಪಾಠಗಳನ್ನು ಅದು ಸವಾರರಿಗೆ ಹೇಳುತ್ತ ಬಂದಿದೆ. ಕೆಮ್ಮಣ್ಣಿನ ನಮ್ಮ ಗುಡ್ಡಗಳಿಗೂ ಇದು ಹೊಂದುತ್ತದೆ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿಯನ್ನೂ ಕೇಳಬೇಕು.

ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ಸೈಕಲ್ ಮ್ಯೂಸಿಯಂ ತೆರೆಯಿತು. ಈಗ ರೀಪ್ಯಾಕ್ ಇಳಿಯುವವರ ಸೈಕಲ್ಲುಗಳಲ್ಲಿ ಎರಡೇ ಬೆರಳಿಗೆ ನಿಲ್ಲುವ ಬ್ರೇಕುಗಳಿವೆ. ಹೊಗೆ ಬರುವುದಿಲ್ಲ. ದಾರಿಯ ಹೆಸರು ಮಾತ್ರ ಹಾಗೆಯೇ ಇದೆ.